ನೆಲೆ ನಿಂತವರ ಲೆಕ್ಕ

ಹೊಸ ರಾಜ್ಯವೊಂದು ಹುಟ್ಟುವಾಗ ಸಂಭ್ರಮಪಡಬೇಕಲ್ಲವೇ? ಹತ್ತೊಂಬತ್ತನೆಯ ಶತಮಾನದ ಅಮೆರಿಕದಲ್ಲಿ ಅದು ಜಗಳಕ್ಕೆ ಕಾರಣವಾಗುತ್ತಿತ್ತು.

ಅಲ್ಲಿನ ಪ್ರತಿನಿಧಿ ಸಭೆಯಲ್ಲಿ ಜನಸಂಖ್ಯೆಗೆ ತಕ್ಕಷ್ಟು ಸ್ಥಾನ. ಸೆನೆಟ್‌ನಲ್ಲಿ ರಾಜ್ಯ ದೊಡ್ಡದಿರಲಿ ಚಿಕ್ಕದಿರಲಿ, ತಲಾ ಇಬ್ಬರು. ಮತವೇ ಇಲ್ಲದ ಗುಲಾಮರನ್ನು, ಐವರಿಗೆ ಮೂವರಂತೆ, ಜನಸಂಖ್ಯೆಗೆ ಸೇರಿಸಿಕೊಂಡರೂ ಗುಲಾಮಗಿರಿ ಇದ್ದ ದಕ್ಷಿಣದ ರಾಜ್ಯಗಳಿಗೆ ಪ್ರತಿನಿಧಿ ಸಭೆಯಲ್ಲಿ ಬಹುಮತ ಸಿಗಲಿಲ್ಲ. ಉಳಿದ ಆಸರೆ ಸೆನೆಟ್. 1819ರ ಕೊನೆಗೆ ಗುಲಾಮಗಿರಿ ಇದ್ದ ರಾಜ್ಯಗಳು 11, ಇಲ್ಲದವು 11. ತಕ್ಕಡಿ ಸಮನಾಗಿತ್ತು.

ಅಷ್ಟರಲ್ಲೇ ಮಿಸೌರಿ ತನ್ನನ್ನೂ ರಾಜ್ಯವೆಂದು ಸೇರಿಸಿಕೊಳ್ಳಿ ಎಂದು ಕೇಳಿತ್ತು. ಕೆಂಟಕಿ, ಟೆನೆಸ್ಸಿ, ವರ್ಜೀನಿಯಾಗಳಿಂದ ವಲಸೆ ಬಂದವರು ಗುಲಾಮರನ್ನೂ ಜೊತೆಗೆ ಕರೆತಂದು, ನದಿ ದಂಡೆಯಲ್ಲಿ ತಂಬಾಕು, ಸೆಣಬು ಬೆಳೆಯುತ್ತಿದ್ದರು. 1820ರ ಜನಗಣತಿಯಲ್ಲಿ ಅಲ್ಲಿದ್ದ ಸುಮಾರು 66,000 ಜನರಲ್ಲಿ 10,000ಕ್ಕೂ ಹೆಚ್ಚು ಮಂದಿ ಗುಲಾಮರು. ಹೊಸ ಗುಲಾಮರನ್ನು ತರಕೂಡದು, ಇನ್ನು ಹುಟ್ಟುವ ಗುಲಾಮರ ಮಕ್ಕಳಿಗೆ 25 ತುಂಬಿದಾಗ ಬಿಡುಗಡೆಯಾಗಬೇಕು ಎಂದು ನ್ಯೂಯಾರ್ಕಿನ ಜೇಮ್ಸ್ ಟಾಲ್ಮಡ್ಜ್ ತಿದ್ದುಪಡಿ ತಂದರು. ಪ್ರತಿನಿಧಿ ಸಭೆ ಒಪ್ಪಿತು, ಸೆನೆಟ್ ತಳ್ಳಿಹಾಕಿತು.

ಕೊನೆಗೆ 1820ರಲ್ಲಿ ರಾಜಿಯಾಯಿತು. ಮ್ಯಾಸಚೂಸೆಟ್ಸ್‌ನಿಂದ ಬೇರ್ಪಡಿಸಿದ ಮೇನ್ ಗುಲಾಮಗಿರಿ ಇಲ್ಲದ ರಾಜ್ಯ. ಮಿಸೌರಿ ಗುಲಾಮಗಿರಿ ಇರುವ ರಾಜ್ಯ. ಫ್ರಾನ್ಸಿನಿಂದ ಕೊಂಡಿದ್ದ ಉಳಿದ ನೆಲದಲ್ಲಿ 36 ಡಿಗ್ರಿ 30 ಮಿನಿಟ್ ಅಕ್ಷಾಂಶದ ಉತ್ತರಕ್ಕೆ ಗುಲಾಮಗಿರಿ ಸಲ್ಲದು.

1854ರಲ್ಲಿ ಆ ಗೆರೆಯನ್ನೇ ಅಳಿಸಿದರು. ಗೆರೆಯ ಉತ್ತರಕ್ಕೆ, ಮಿಸೌರಿಯ ಪಕ್ಕದಲ್ಲೇ ಇದ್ದ ಕಾನ್ಸಾಸ್‌ನಲ್ಲಿ ಗುಲಾಮಗಿರಿ ಬೇಕೋ ಬೇಡವೋ ಎಂದು ಅಲ್ಲಿ ನೆಲೆಸಿದವರೇ ತೀರ್ಮಾನಿಸಲಿ ಎಂದರು. ಕೇಳಲು ನ್ಯಾಯವಾಗಿತ್ತು. ಆದರೆ ನೆಲೆಸಿದವರು ಯಾರು? ಗುಲಾಮಗಿರಿಯ ವಿರೋಧಿಗಳು ಮ್ಯಾಸಚೂಸೆಟ್ಸ್‌ನಿಂದ ಜನರನ್ನು ಕಳುಹಿಸಿ ಲಾರೆನ್ಸ್ ಪಟ್ಟಣ ಕಟ್ಟಿಸಿದರು. ಮಿಸೌರಿಯವರು ಅಷ್ಟು ಕಾಯಲಿಲ್ಲ. ಕಾನ್ಸಾಸ್ ಶಾಸನಸಭೆಗೆ ಚುನಾವಣೆ ನಡೆದ 1855ರ ಮಾರ್ಚ್ 30ರಂದು ಬಂದೂಕು ಹಿಡಿದು ಗಡಿ ದಾಟಿ ಬಂದರು, ಮತ ಹಾಕಿದರು, ಮನೆಗೆ ಮರಳಿದರು. ಕಾನ್ಸಾಸ್‌ನಲ್ಲಿ ಮತದ ಹಕ್ಕಿದ್ದವರು ಸುಮಾರು 2,900. ಬಿದ್ದ ಮತಗಳು 6,300ಕ್ಕೂ ಹೆಚ್ಚು! ಮುಂದೆ ಅಲ್ಲಿ ನೆತ್ತರು ಹರಿಯಿತು.

ರಾಜ್ಯವಾಗಲು ಕಾನ್ಸಾಸ್ 1861ರವರೆಗೆ ಕಾಯಬೇಕಾಯಿತು. ಆ ಜನವರಿ 21ರಂದು ಜೆಫರ್ಸನ್ ಡೇವಿಸ್ ಸೇರಿ ದಕ್ಷಿಣದ ಐವರು ಸೆನೆಟರುಗಳು, ತಮ್ಮ ರಾಜ್ಯಗಳು ಒಕ್ಕೂಟ ತೊರೆದದ್ದರಿಂದ, ವಿದಾಯ ಹೇಳಿ ಸದನದಿಂದ ಹೊರನಡೆದರು. ಗುಲಾಮಗಿರಿ ಇಲ್ಲದ ಕಾನ್ಸಾಸ್‌ಗೆ ಸೆನೆಟ್ ಒಪ್ಪಿಗೆ ಕೊಟ್ಟದ್ದು ಅದೇ ದಿನ.