ದಿನದ ಪಾಲು: ಅರಣ್ಯದ ಹಾದಿಯಲ್ಲಿ ದೇವರ ಪೋಷಣೆ



ಇಂದಿನ ದತ್ತಿ ಉಪನ್ಯಾಸಕ್ಕೆ ನಾನು ಆರಿಸಿಕೊಂಡದ್ದು ವಿಮೋಚನಕಾಂಡದ 16ನೆಯ ಅಧ್ಯಾಯ, ಇಸ್ರಾಯೇಲ್ಯರು ಅರಣ್ಯದಲ್ಲಿ ಮನ್ನ ಉಂಡ ಕಥೆ. ಸಂಡೇ ಸ್ಕೂಲಿನಲ್ಲಿ ಮಕ್ಕಳಿಗೆ ಹೇಳುವಾಗ ಇದು ಆಕಾಶದಿಂದ ರೊಟ್ಟಿ ಉದುರಿದ ಅದ್ಭುತವಾಗಿ ಮುಗಿದುಬಿಡುತ್ತದೆ. ಅಧ್ಯಾಯವನ್ನು ನಿಧಾನವಾಗಿ ಓದಿದರೆ ಅದ್ಭುತದ ವರ್ಣನೆಗೆ ಸಿಕ್ಕಿರುವ ಜಾಗ ಬಹಳ ಕಡಿಮೆ. ಎಷ್ಟು ಕೂಡಿಸಬೇಕು, ಯಾವ ದಿನ ಕೂಡಿಸಬೇಕು, ಏನನ್ನು ಎತ್ತಿಡಬಹುದು, ಏನನ್ನು ಇಡಬಾರದು ಎಂಬ ಮಾತೇ ಅಲ್ಲಿ ತುಂಬಿದೆ. ದೇವರು ಕೊಡುತ್ತಾನೆಂದು ಬಾಯಲ್ಲಿ ಒಪ್ಪಿಕೊಳ್ಳುವುದು ಸುಲಭ. ಕೊಟ್ಟದ್ದನ್ನು ಎಷ್ಟು ಎತ್ತಿಕೊಳ್ಳುತ್ತೇವೆ, ಯಾವಾಗ ಕೈ ಹಿಂದೆಗೆಯುತ್ತೇವೆ ಎಂಬಲ್ಲಿ ನಮ್ಮ ನಂಬಿಕೆಯ ನಿಜ ಹೊರಬೀಳುತ್ತದೆ. ಇದೇ ನನ್ನ ಮಾತಿನ ತಿರುಳು.

1. ಉಗ್ರಾಣಗಳ ನಾಡಿನಿಂದ

ಮನ್ನವನ್ನು ಉಂಡವರು ಎಲ್ಲಿಂದ ಬಂದವರು ಎಂಬುದನ್ನು ಮೊದಲು ನೋಡೋಣ. ಐಗುಪ್ತದಲ್ಲಿ ಅವರು ಬಿಟ್ಟಿ ದುಡಿದು ಕಟ್ಟಿದ್ದು ಫರೋಹನ ಉಗ್ರಾಣದ ಪಟ್ಟಣಗಳನ್ನು. ಪಿತೋಮ್, ರಾಮ್ಸೇಸ್ ಎಂದು ಅವುಗಳ ಹೆಸರೂ ದಾಖಲಾಗಿದೆ. ರಾಜ್ಯದ ಸರಕು ತುಂಬುವ ಗೋಡೆಗಳನ್ನು ಎಬ್ಬಿಸಿದವರ ಪಾಲಿಗೆ ಬೆಳಗಾದರೆ ಇದ್ದದ್ದು ಇಟ್ಟಿಗೆಯ ಲೆಕ್ಕ. ದೇವರ ಆರಾಧನೆಗೆ ಹೋಗಲು ಬಿಡುವು ಕೊಡಿ ಎಂದು ಮೋಶೆ ಮತ್ತು ಆರೋನ ಕೇಳಿದಾಗ ಫರೋಹನು ಹುಲ್ಲು ಕೊಡುವುದನ್ನು ನಿಲ್ಲಿಸಿದ. ಇಟ್ಟಿಗೆಯ ಲೆಕ್ಕದಲ್ಲಿ ಮಾತ್ರ ಒಂದನ್ನೂ ಇಳಿಸಲಿಲ್ಲ. ಲೆಕ್ಕ ತಪ್ಪಿದ ದಿನ ಇಸ್ರಾಯೇಲ್ಯರ ಮೇಸ್ತ್ರಿಗಳ ಬೆನ್ನಿಗೇ ಏಟು ಬಿತ್ತು. ಬಿಡುವು ಕೇಳಿದವರಿಗೆ ಸೋಮಾರಿಗಳೆಂಬ ಬಿರುದು ಸಿಕ್ಕಿತು.

ಐಗುಪ್ತದ ಉಗ್ರಾಣಗಳಿಗೆ ಇನ್ನೂ ಹಳೆಯ ಕಥೆಯೊಂದಿದೆ. ಆದಿಕಾಂಡದಲ್ಲಿ ಯೋಸೇಫನು 7 ಸುಭಿಕ್ಷ ವರ್ಷಗಳ ಬೆಳೆಯಲ್ಲಿ ಐದರಲ್ಲೊಂದು ಪಾಲನ್ನು ಕೂಡಿಸಿಟ್ಟು, ಬರ ಬಂದಾಗ ಜನರ ಜೀವ ಉಳಿಸಿದ. ಅದು ದೇವರು ತೋರಿಸಿದ ವಿವೇಕ, ಅದರಲ್ಲಿ ಸಂದೇಹವಿಲ್ಲ. ಆದರೆ 47ನೆಯ ಅಧ್ಯಾಯ ಮುಂದಿನದನ್ನೂ ಮುಚ್ಚಿಡದೆ ಹೇಳುತ್ತದೆ. ಕಾಳಿಗಾಗಿ ಜನ ಮೊದಲು ಹಣ ಕೊಟ್ಟರು, ಹಣ ತೀರಿದ ಮೇಲೆ ದನಕರು, ಆಮೇಲೆ ಹೊಲ, ಕಡೆಗೆ ತಮ್ಮನ್ನೇ ಫರೋಹನಿಗೆ ಒಪ್ಪಿಸಿಕೊಂಡರು. ಜೀವ ಉಳಿಸಿದ ಉಗ್ರಾಣದ ಬೀಗದಕೈ ಒಬ್ಬನೇ ಅರಸನ ಸೊಂಟದಲ್ಲಿ ಉಳಿದಿತ್ತು.

ಇಂಥ ನಾಡನ್ನು ಬಿಟ್ಟು ಸರಿಯಾಗಿ ಒಂದು ತಿಂಗಳಾದಾಗ, ಎರಡನೆಯ ತಿಂಗಳಿನ 15ನೆಯ ದಿನ, ಜನರು ಏಲೀಮಿಗೂ ಸೀನಾಯಿಗೂ ನಡುವಿನ ಸೀನ್ ಅರಣ್ಯಕ್ಕೆ ಬಂದರು. ಏಲೀಮಿನಲ್ಲಿ 12 ಬುಗ್ಗೆಗಳೂ 70 ಖರ್ಜೂರದ ಮರಗಳೂ ಇದ್ದವು. ಇಲ್ಲಿ ಏನೂ ಇರಲಿಲ್ಲ. ಹೊಟ್ಟೆ ಹಸಿದಾಗ ಅವರಿಗೆ ಏಟು ಮರೆತುಹೋಗಿ ಮಾಂಸ ಬೇಯುತ್ತಿದ್ದ ಪಾತ್ರೆಗಳು ನೆನಪಾದವು. ಬಹುಕಾಲ ಗುಲಾಮಗಿರಿಯಲ್ಲಿ ಬೆಂದವರಿಗೆ ದಾಸ್ಯದ ಅನ್ನವೂ ಖಾತರಿಯ ಅನ್ನವಾಗಿ ಕಂಡಿದ್ದರೆ ಅದನ್ನು ತುಚ್ಛವಾಗಿ ನೋಡಬಾರದು.

2. ತಲೆಗೊಂದು ಓಮೆರ್

ಆ ಗೊಣಗಾಟಕ್ಕೆ ದೇವರು ಕೊಟ್ಟ ಉತ್ತರ ಆಹಾರ. ಸಂಜೆ ಲಾವಕ್ಕಿಗಳು ಪಾಳೆಯವನ್ನು ಮುಚ್ಚಿದವು. ಬೆಳಿಗ್ಗೆ ಇಬ್ಬನಿ ಆರಿದ ಮೇಲೆ ನೆಲದಲ್ಲಿ ಮಂಜಿನ ಹರಳಿನಂಥ ಸಣ್ಣ ಕಾಳುಗಳಿದ್ದವು. ಕೊತ್ತಂಬರಿ ಬೀಜದಂತೆ, ಬಿಳಿಯ ಬಣ್ಣ, ಜೇನು ಬೆರೆಸಿದ ದೋಸೆಯಂಥ ರುಚಿ. ಜನ ಅದನ್ನು ಬೀಸುವ ಕಲ್ಲಿನಲ್ಲಿ ಬೀಸಿ, ಒರಳಲ್ಲಿ ಕುಟ್ಟಿ, ಬೇಯಿಸಿ ರೊಟ್ಟಿ ಮಾಡಿಕೊಳ್ಳುತ್ತಿದ್ದರು ಎಂದು ಅರಣ್ಯಕಾಂಡದ 11ನೆಯ ಅಧ್ಯಾಯ ಹೇಳುತ್ತದೆ. ದೇವರು ಕೊಟ್ಟದ್ದಕ್ಕೂ ಬೆಳಗಿನ ದುಡಿಮೆ ಬೇಕಿತ್ತು. ಬಿಸಿಲೇರಿದರೆ ಅದು ಕರಗಿಹೋಗುತ್ತಿತ್ತು.

ಅಳತೆ ಒಂದೇ: ತಲೆಗೊಂದು ಓಮೆರ್, ಇಂದಿನ ಲೆಕ್ಕದಲ್ಲಿ ಸುಮಾರು 2 ಲೀಟರ್. ಗುಡಾರದಲ್ಲಿ ಎಷ್ಟು ತಲೆಗಳಿವೆಯೋ ಅಷ್ಟು ಓಮೆರ್. ಕೆಲವರು ಹೆಚ್ಚು ಕೂಡಿಸಿದರು, ಕೆಲವರು ಕಡಿಮೆ. ಅಳೆದು ನೋಡಿದಾಗ ಹೆಚ್ಚು ಕೂಡಿಸಿದವನಿಗೆ ಮಿಗಲಿಲ್ಲ, ಕಡಿಮೆ ಕೂಡಿಸಿದವನಿಗೆ ಕೊರೆಯಾಗಲಿಲ್ಲ. ಗಟ್ಟಿ ಕೈಯವನೂ ಮುಪ್ಪಿನವನೂ ಎಳೆಯ ಮಗುವೂ ಅಳತೆಯ ಮುಂದೆ ಸಮನಾದರು. ಐಗುಪ್ತದಲ್ಲಿ ಪ್ರತಿದಿನದ ಲೆಕ್ಕವೆಂದರೆ ಇವರಿಂದ ಕಸಿಯುವ ಇಟ್ಟಿಗೆಗಳ ಲೆಕ್ಕ. ಅರಣ್ಯದಲ್ಲಿ ಪ್ರತಿದಿನದ ಲೆಕ್ಕವೆಂದರೆ ಇವರಿಗೆ ಸಿಗುವ ಊಟದ ಲೆಕ್ಕ. ದಾಸರನ್ನು ಜನಾಂಗವಾಗಿ ಕಟ್ಟುವ ಕೆಲಸ ಹೀಗೆ ಊಟದ ಅಳತೆಯಿಂದ ಶುರುವಾಯಿತು. ಹತ್ತು ಆಜ್ಞೆಗಳ ಕಲ್ಲಿನ ಹಲಗೆಗಳು ಬಂದದ್ದು ಆಮೇಲೆ.

ಮರುದಿನಕ್ಕೆಂದು ಎತ್ತಿಟ್ಟವರ ಪಾತ್ರೆಯಲ್ಲಿ ಹುಳು ಬಿದ್ದು ನಾತ ಹೊಡೆಯಿತು. ಯಾಕೆ ದಿನದಿನವೂ, ವರ್ಷಕ್ಕೊಮ್ಮೆ ಕೊಟ್ಟುಬಿಡಬಾರದಿತ್ತೇ? ಈ ಪ್ರಶ್ನೆಯನ್ನು ರಬ್ಬಿ ಶಿಮೋನ್ ಬೆನ್ ಯೋಹಾಯ್ ಅವರ ಶಿಷ್ಯರು ಕೇಳಿದ್ದು ಯೆಹೂದ್ಯರ ಧರ್ಮಗ್ರಂಥವಾದ ತಾಲ್ಮುದ್‌ನ ಯೋಮಾ ಎಂಬ ಭಾಗದಲ್ಲಿದೆ. ಗುರು ಒಂದು ಕಥೆ ಹೇಳಿದರು. ಅರಸನೊಬ್ಬ ಮಗನಿಗೆ ವರ್ಷದ ಖರ್ಚನ್ನು ಒಂದೇ ಸಲ ಕೊಡುತ್ತಿದ್ದಾಗ ಮಗ ವರ್ಷಕ್ಕೊಮ್ಮೆ ಮುಖ ತೋರಿಸುತ್ತಿದ್ದ. ದಿನದಿನ ಕೊಡಲು ತೊಡಗಿದಾಗ ದಿನವೂ ಬಂದು ತಂದೆಯ ಮುಂದೆ ನಿಂತ. ನಾಲ್ಕೈದು ಮಕ್ಕಳಿರುವ ತಂದೆ ನಾಳೆ ಮನ್ನ ಬೀಳದಿದ್ದರೆ ಹೇಗೆ ಎಂದು ದಿನವೂ ಪರಲೋಕದ ಕಡೆ ಮುಖವೆತ್ತುತ್ತಾನೆ ಎಂಬುದು ಆ ಗುರುವಿನ ವಿವರಣೆ. ಯೇಸು ಕಲಿಸಿದ ಪ್ರಾರ್ಥನೆಯಲ್ಲಿ ನಾವು ಅನುದಿನದ ಆಹಾರವನ್ನು ಬೇಡುವುದೂ ಇದೇ ಅಭ್ಯಾಸದ ಮುಂದುವರಿಕೆ. ಅಲ್ಲಿಯೂ ಬೇಡಿಕೆ ಇಂದಿನದು, ಮತ್ತು ಬೇಡುವವರು 'ನಾವು'.

1927ರಲ್ಲಿ ಜೆರುಸಲೇಮಿನ ಹೀಬ್ರೂ ವಿಶ್ವವಿದ್ಯಾಲಯದ ಕೀಟವಿಜ್ಞಾನಿ ಬೋಡೆನ್‌ಹೈಮರ್ ಅವರು ಸೀನಾಯಿ ಪ್ರದೇಶಕ್ಕೆ ಹೋಗಿ, ಟ್ಯಾಮರಿಸ್ಕ್ ಗಿಡಗಳ ರಸ ಹೀರುವ ಸಣ್ಣ ಕೀಟಗಳು ಹೊರಹಾಕುವ ಸಿಹಿ ಹನಿಗಳು ಒಣಗಿ ಮಣಿಗಳಂತಾಗುವುದನ್ನು ಅಧ್ಯಯನ ಮಾಡಿದರು. ಲಾವಕ್ಕಿಗಳ ವಲಸೆಯ ದಾರಿಯೂ ಆ ಸೀಮೆಯ ಮೇಲೆಯೇ ಇದೆ. ಇದನ್ನು ಕೇಳಿ ವಿಶ್ವಾಸಿಗಳು ಹೆದರಬೇಕಾಗಿಲ್ಲ; ದೇವರು ಗಿಡ, ಕೀಟ, ಹಕ್ಕಿಗಳ ಮೂಲಕ ಉಣಿಸಿದರೂ ಅದು ಆತನ ಊಟವೇ. ಆದರೆ ವರ್ಷದಲ್ಲಿ ಕೆಲವು ವಾರ ಮಾತ್ರ ಸಿಗುವ ಆ ಹನಿಗಳು 40 ವರ್ಷದ ಊಟವನ್ನಾಗಲಿ, ಆರನೆಯ ದಿನದ ಎರಡರಷ್ಟನ್ನಾಗಲಿ, ಏಳನೆಯ ದಿನದ ಬರಿದನ್ನಾಗಲಿ ವಿವರಿಸಲಾರವು. ಅಧ್ಯಾಯದ ಒತ್ತೆಲ್ಲ ಇರುವುದು ಅಲ್ಲಿಯೇ.

3. ಏಳನೆಯ ದಿನ

ಆರನೆಯ ದಿನ ತಲೆಗೆ ಎರಡು ಓಮೆರ್ ಸಿಕ್ಕಿತು. ಅದನ್ನು ಇಟ್ಟರೆ ಹುಳು ಬೀಳಲಿಲ್ಲ. ಏಳನೆಯ ದಿನ ಕೆಲವರು ಅಭ್ಯಾಸಬಲದಿಂದ ಹೊರಗೆ ಹೋಗಿ ಬರಿಗೈಯಲ್ಲಿ ಬಂದರು. ವಿಶ್ರಾಂತಿಯನ್ನು ಸೋಮಾರಿತನವೆಂದು ಏಟು ತಿಂದು ಕಲಿತ ಜನ, ಕೆಲಸ ನಿಲ್ಲಿಸಿದರೂ ಊಟ ನಿಲ್ಲುವುದಿಲ್ಲ ಎಂಬುದನ್ನು ಈಗ ಕಲಿಯಬೇಕಾಗಿತ್ತು. ಇಂದಿಗೂ ಯೆಹೂದ್ಯರ ಮನೆಗಳಲ್ಲಿ ಸಬ್ಬತ್ತಿನ ಊಟಕ್ಕೆ ಎರಡು ರೊಟ್ಟಿಗಳನ್ನಿಡುವುದು ಆ ಎರಡು ಪಾಲಿನ ನೆನಪಿಗೆ.

ಹಾಗಾದರೆ ಎತ್ತಿಡುವುದು ತಪ್ಪೇ? ಮಕ್ಕಳ ಓದಿಗೆ, ಕಾಯಿಲೆ ಕಸಾಲೆಗೆ, ಮುಪ್ಪಿಗೆ ನಾಲ್ಕು ಕಾಸು ಉಳಿಸುವವರು ಈ ಅಧ್ಯಾಯ ಓದಿ ಅಳುಕಬೇಕೇ? ಅಳುಕಬೇಕಾಗಿಲ್ಲ. ಈ ಅಧ್ಯಾಯದಲ್ಲಿ ಕೆಡದೆ ಉಳಿದ ಎರಡು ಪಾಲುಗಳಿವೆ. ಒಂದು, ಇಡೀ ಮನೆ ವಿಶ್ರಮಿಸಲೆಂದು ಆರನೆಯ ದಿನ ಎತ್ತಿಟ್ಟದ್ದು. ಇನ್ನೊಂದು, ಮುಂದಿನ ಸಂತತಿಯವರು ನೋಡಲೆಂದು ಆರೋನನು ಪಾತ್ರೆಯಲ್ಲಿ ದೇವರ ಸನ್ನಿಧಿಯಲ್ಲಿಟ್ಟ ಒಂದು ಓಮೆರ್. ಕೆಟ್ಟದ್ದು ಮಾತ್ರ ದೇವರ ನಾಳೆಯನ್ನು ನಂಬದೆ ಬಚ್ಚಿಟ್ಟದ್ದು. ದತ್ತಿಯೂ ಹೀಗೆ ಎತ್ತಿಟ್ಟ ಪಾಲೇ. ಇಟ್ಟವರು ತಾವು ಉಣ್ಣಲೆಂದು ಇಡಲಿಲ್ಲ, ತಾವು ಮುಖ ಕಾಣದವರಿಗೆ ವರ್ಷ ವರ್ಷವೂ ಸಲ್ಲಲಿ ಎಂದು ಇಟ್ಟರು.

4. ಗೊಣಗಿದವರು

ಇಸ್ರಾಯೇಲ್ಯರ ಗೊಣಗಾಟವನ್ನೆಲ್ಲ ಒಂದೇ ತಕ್ಕಡಿಗೆ ಹಾಕುವುದು ನಮ್ಮ ಪ್ರಸಂಗಗಳಲ್ಲಿ ರೂಢಿಯಾಗಿದೆ. ಗ್ರಂಥ ಹಾಗೆ ಮಾಡುವುದಿಲ್ಲ. ಮಾರಾದಲ್ಲಿ ನೀರು ಕಹಿಯಾಗಿತ್ತು, ಜನ ಕೂಗಿದರು. ದೇವರು ತೋರಿಸಿದ ಮರದ ತುಂಡನ್ನು ಮೋಶೆ ಹಾಕಿದಾಗ ನೀರು ಸಿಹಿಯಾಯಿತು. ರೆಫೀದೀಮಿನಲ್ಲಿ ಬಾಯಾರಿ ಜಗಳವಾಡಿದರು. ಬಂಡೆಯಿಂದ ನೀರು ಬಂತು. ಬಾಯಾರಿದವನ ಕೂಗಿಗೆ ಅಲ್ಲಿ ಶಿಕ್ಷೆಯಿಲ್ಲ.

ಅರಣ್ಯಕಾಂಡದ 11ನೆಯ ಅಧ್ಯಾಯದ ಗೊಣಗಾಟ ಬೇರೆ ಜಾತಿಯದು. ಅಲ್ಲಿ ಮನ್ನ ದಿನವೂ ಸಿಗುತ್ತಿತ್ತು. ಆದರೂ ಐಗುಪ್ತದ ಮೀನು, ಸೌತೆಕಾಯಿ, ಈರುಳ್ಳಿ, ಬೆಳ್ಳುಳ್ಳಿಗಳನ್ನು ನೆನೆದು ಜನ ಅತ್ತರು. ಅವೆಲ್ಲ ಪುಕ್ಕಟೆ ಸಿಗುತ್ತಿದ್ದವಂತೆ! ಬಿಟ್ಟಿ ದುಡಿಮೆಯ ಬೆಲೆ ಅವರ ನೆನಪಿನಿಂದ ಅಳಿಸಿಹೋಗಿತ್ತು. ಲಾವಕ್ಕಿಗಳು ಬಂದು ಬಿದ್ದಾಗ ಎರಡು ಹಗಲು, ಒಂದು ರಾತ್ರಿ ಕೂಡಿಸಿದರು. ತೀರ ಕಡಿಮೆ ಕೂಡಿಸಿದವನ ಪಾಲೂ ಹತ್ತು ಹೋಮೆರ್. ಒಂದು ಹೋಮೆರಿಗೆ ನೂರು ಓಮೆರ್. ತಲೆಗೊಂದು ಓಮೆರಿನ ಪಾಠ ಕಲಿತವರು ಸಾವಿರ ಓಮೆರಿನ ರಾಶಿ ಹಾಕಿದರು. ಅದಕ್ಕೆ ಶಿಕ್ಷೆಯಾಗಿ ಆ ಸ್ಥಳದಲ್ಲೇ ಅನೇಕರ ಸಮಾಧಿಯಾಯಿತು.

ಅದೇ ಅಧ್ಯಾಯದಲ್ಲಿ ಮೋಶೆಯೂ ನೊಂದು ಮಾತಾಡಿದ್ದಾನೆ. ಈ ಜನರನ್ನೆಲ್ಲ ಹೆತ್ತವನು ನಾನೇನು, ಒಬ್ಬನೇ ಹೊರಲಾರೆ, ಸಾವಾದರೂ ಬರಲಿ ಎಂದು ದೇವರಿಗೇ ಹೇಳಿದ. ದೇವರು ಅವನನ್ನು ಗದರಿಸಲಿಲ್ಲ; ಭಾರ ಹೊರಲು 70 ಮಂದಿ ಹಿರಿಯರನ್ನು ಕೊಟ್ಟ. ದಣಿದವನ ಜೊತೆಗೆ ಹೆಗಲು ಕೊಡುವವರು ಬಂದರೆ ಅದೂ ದೇವರ ಪೋಷಣೆಯೇ. ಸಭೆಯಲ್ಲಿ ಯಾರಾದರೂ ಕುಸಿದು ಕೂತಾಗ ನಂಬಿಕೆ ಸಾಲದು ಎಂದು ಬುದ್ಧಿ ಹೇಳುವ ಮೊದಲು ನಾವು ಈ ವಚನಗಳನ್ನು ಓದಿಕೊಳ್ಳುವುದು ಒಳ್ಳೆಯದು.

5. ಮನ್ನ ನಿಂತ ಮೇಲೆ

ಯೊರ್ದನ್ ಹೊಳೆ ದಾಟಿ, ಗಿಲ್ಗಾಲಿನಲ್ಲಿ ಪಸ್ಕಹಬ್ಬ ಆಚರಿಸಿ, ಆ ನೆಲದ ಬೆಳೆಯನ್ನು ಉಂಡ ಮರುದಿನ ಮನ್ನ ನಿಂತುಹೋಯಿತು. ಯೆಹೋಶುವನ ಗ್ರಂಥ ಇದನ್ನು ಒಂದೇ ವಚನದಲ್ಲಿ ಹೇಳಿ ಮುಂದೆ ಹೋಗುತ್ತದೆ. ದೇವರು ಕೈಬಿಟ್ಟನೆಂದು ಅಲ್ಲಿ ಯಾರೂ ಅಳಲಿಲ್ಲ. ಇನ್ನು ಉಳುಮೆ, ಬಿತ್ತನೆ, ಮಳೆಗಳ ಮೂಲಕ ಆತ ಉಣಿಸುವ ಕಾಲ.

ಕಷ್ಟದ ಪರೀಕ್ಷೆ ಈಗ ಬಂತು. ಧರ್ಮೋಪದೇಶಕಾಂಡದ 8ನೆಯ ಅಧ್ಯಾಯದಲ್ಲಿ ಮೋಶೆ ಎಚ್ಚರಿಸುವುದು ಇದನ್ನೇ. ಹೊಟ್ಟೆ ತುಂಬಿ, ಒಳ್ಳೆಯ ಮನೆ ಕಟ್ಟಿ, ದನಕುರಿ ಬೆಳ್ಳಿಬಂಗಾರ ಹೆಚ್ಚಿದಾಗ, ಇದೆಲ್ಲ ನನ್ನ ಕೈಬಲದಿಂದಲೇ ಆಯಿತೆಂದು ಮನಸ್ಸು ಹೇಳುತ್ತದೆ. 40 ವರ್ಷ ಮೈಮೇಲಿನ ಬಟ್ಟೆ ಹರಿಯದೆ, ಕಾಲು ಬಾತುಹೋಗದೆ ನಡೆಸಿದವನನ್ನು ಕಣಜ ತುಂಬಿದ ದಿನ ಮರೆಯುವುದು ಸುಲಭ.

ಆ ಮರೆವಿಗೆ ಧರ್ಮಶಾಸ್ತ್ರ ಮದ್ದು ಕೊಟ್ಟಿತು. ಮನ್ನದ ಅಳತೆಯನ್ನು ಹೊಲದೊಳಕ್ಕೆ ತಂದಿತು. ಏಳನೆಯ ವರ್ಷ ಭೂಮಿಗೆ ವಿಶ್ರಾಂತಿ. ಆಗ ಏನು ಉಣ್ಣುವುದು ಎಂದರೆ ಆರನೆಯ ವರ್ಷದ ಬೆಳೆಗೆ ವಿಶೇಷ ಆಶೀರ್ವಾದ ಎಂದು ಯಾಜಕಕಾಂಡದ 25ನೆಯ ಅಧ್ಯಾಯ ಉತ್ತರಿಸುತ್ತದೆ. ಅರಣ್ಯದ ವಾರವೇ ಇಲ್ಲಿ ವರ್ಷಗಳ ಲೆಕ್ಕಕ್ಕೆ ಹಿಗ್ಗಿದೆ. ಹೊಲದ ಅಂಚನ್ನು ಪೂರ್ತಿ ಕೊಯ್ಯಬಾರದು, ಮರೆತುಬಂದ ಸಿವುಡಿಗೆ ಹಿಂದಿರುಗಬಾರದು. ಅದು ಪರದೇಶಿಯ, ಅನಾಥನ, ವಿಧವೆಯ ಪಾಲು. ನೀವು ಐಗುಪ್ತದಲ್ಲಿ ದಾಸರಾಗಿದ್ದಿರಿ ಎಂಬುದೇ ಅದಕ್ಕೆ ಕೊಟ್ಟ ಕಾರಣ. ಈ ಕಟ್ಟಳೆಯಿಂದಲೇ ಮೋವಾಬಿನ ರೂತಳು ಬೇತ್ಲೆಹೇಮಿನ ಹೊಲದಲ್ಲಿ ಹಕ್ಕಲಾಯ್ದು ಸಂಜೆ ಸುಮಾರು ಒಂದು ಏಫಾ ಜವೆಗೋದಿಯನ್ನು ಅತ್ತೆಗೆ ತಂದುಕೊಟ್ಟಳು. ಏಫಾ ಎಂದರೆ ಹತ್ತು ಓಮೆರ್. ಆಕೆಯ ಮಡಿಲಿಗೆ ಬಂದದ್ದನ್ನೂ ನಾನು ಮನ್ನವೆಂದೇ ಓದುತ್ತೇನೆ.

6. ನಮ್ಮ ಕೈಯಲ್ಲಿರುವ ಅಳತೆ

ಅಪೊಸ್ತಲ ಪೌಲನು ಜೆರುಸಲೇಮಿನ ಬಡ ವಿಶ್ವಾಸಿಗಳಿಗಾಗಿ ಹಣ ಕೂಡಿಸುವಾಗ ಕೊರಿಂಥದವರಿಗೆ ನೆನಪಿಸಿದ್ದು ಹೆಚ್ಚು ಕೂಡಿಸಿದವನಿಗೆ ಮಿಗಲಿಲ್ಲ, ಕಡಿಮೆ ಕೂಡಿಸಿದವನಿಗೆ ಕೊರೆಯಾಗಲಿಲ್ಲ ಎಂಬ ಓಮೆರಿನ ವಚನವನ್ನು. ಅರಣ್ಯದಲ್ಲಿ ದೇವರು ಸರಿದೂಗಿಸಿದ್ದನ್ನು ಈಗ ಸಭೆ ತನ್ನ ಕೈಯಾರೆ ಸರಿದೂಗಿಸಬೇಕು. ಇಂದು ನಿಮ್ಮ ಸಮೃದ್ಧಿ ಅವರ ಕೊರತೆಗೆ, ನಾಳೆ ಅವರದು ನಿಮ್ಮದಕ್ಕೆ ಎಂಬುದು ಅವನ ಬೋಧನೆ. ದೇವರು ಒದಗಿಸುತ್ತಾನೆಂದು ನಂಬುವವನು ದೇವರು ಒದಗಿಸುವ ದಾರಿಯಾಗಲು ಹಿಂಜರಿಯಬಾರದು.

ಕೊನೆಯದಾಗಿ ಒಂದು ಕಟ್ಟಳೆಯನ್ನು ನಿಮ್ಮ ಮುಂದಿಡುತ್ತೇನೆ. ಕೂಲಿಯವನು ಬಡವನು, ಅವನ ಜೀವ ಆ ಕೂಲಿಯ ಮೇಲೆಯೇ ನಿಂತಿರುವುದರಿಂದ ಹೊತ್ತು ಮುಳುಗುವ ಮೊದಲೇ ಕೂಲಿ ಸಲ್ಲಬೇಕು ಎಂದು ಧರ್ಮೋಪದೇಶಕಾಂಡದ 24ನೆಯ ಅಧ್ಯಾಯ ವಿಧಿಸುತ್ತದೆ. ದಿನಗೂಲಿಯ ಮನೆಯಲ್ಲಿ ಇಂದಿನ ಅನ್ನ ಇಂದಿನ ಬಟವಾಡೆಯಿಂದಲೇ ಬೇಯಬೇಕು. ಅವರ ಅನುದಿನದ ಆಹಾರದ ಪ್ರಾರ್ಥನೆಗೆ ಉತ್ತರ ನಮ್ಮ ಜೇಬಿನಲ್ಲಿರುತ್ತದೆ. ಅದನ್ನು ನಾಳೆ ನಾಡಿದ್ದಿಗೆ ತಳ್ಳಿದರೆ ಇನ್ನೊಬ್ಬರ ಮನ್ನವನ್ನು ನಮ್ಮ ಪಾತ್ರೆಯಲ್ಲಿ ಹುಳು ಬೀಳಲು ಇಟ್ಟಂತೆ. ಮನೆಗೆಲಸದವರಿಗೆ, ಗಾರೆಯವರಿಗೆ, ತೋಟದ ಆಳಿಗೆ, ಸಭೆಯ ಅಂಗಳ ಗುಡಿಸುವವರಿಗೆ ಕೊಡಬೇಕಾದದ್ದನ್ನು ಹೊತ್ತಿಗೆ ಸರಿಯಾಗಿ ಕೊಡೋಣ. ವಾರಕ್ಕೊಂದು ದಿನ ಅವರನ್ನೂ ಸಂಬಳ ಕಡಿಯದೆ ವಿಶ್ರಮಿಸಲು ಬಿಡೋಣ. ದೇವರನ್ನು ನಂಬಿದ್ದೇವೆಂದು ಹೇಳಿಕೊಳ್ಳುವ ನಮ್ಮ ಮಾತಿಗೆ ಅವರು ಸಾಕ್ಷಿ ನುಡಿಯುವಂತಾಗಲಿ.