ಹಳೆಯ ಚಿತ್ರಗಳಲ್ಲಿ ಮೋಟಾರು ವಾಹನಗಳು: ಕಾಲನಿರ್ಣಯದ ಕುರಿತು ಕೆಲವು ಮಾತುಗಳು

(ಶತಮಾನೋತ್ಸವದ ಅಂಗವಾಗಿ ಏರ್ಪಟ್ಟ ಹಳೆಯ ಛಾಯಾಚಿತ್ರಗಳ ಪ್ರದರ್ಶನದ ಉದ್ಘಾಟನೆಯಂದು ವಿಚಾರಣಾ ಗುರುಗಳು ಮಾಡಿದ ಭಾಷಣ)



ಈ ಸಭಾಂಗಣದ ಮೇಜುಗಳ ಮೇಲೆ ಹರಡಿರುವ ಚಿತ್ರಗಳನ್ನು ತಾವೆಲ್ಲರೂ ನೋಡಿದ್ದೀರಿ. ರಾಮಕುಂಜ, ಆಲಂಕಾರು, ಉಪ್ಪಿನಂಗಡಿ, ಕಡಬ ಮುಂತಾದ ಕಡೆಗಳ ಮನೆಗಳಿಂದ, ಜಾತಿಮತಗಳ ಭೇದವಿಲ್ಲದೆ, ಜನರು ತಮ್ಮ ಪೆಟ್ಟಿಗೆಗಳನ್ನು ತೆರೆದು ಕೊಟ್ಟ ಚಿತ್ರಗಳಿವು. ಹೆಚ್ಚಿನವುಗಳ ಹಿಂಬದಿಯಲ್ಲಿ ಒಂದಕ್ಷರವೂ ಇಲ್ಲ. ಸ್ಮರಣ ಸಂಚಿಕೆಯಲ್ಲಿ ಇವು ಅಚ್ಚಾಗುವಾಗ ಪ್ರತಿಯೊಂದರ ಕೆಳಗೆ ಒಂದು ಸಾಲನ್ನು ಬರೆಯಲೇಬೇಕು. ಬರೆದ ಆ ಸಾಲನ್ನು ಮುಂದಿನ ತಲೆಮಾರಿನವರು ಪ್ರಶ್ನಿಸದೆ ನಂಬುವರು. ಇಸವಿಯನ್ನು ಊಹೆಯಿಂದ ಹಾಕಿದರೆ ಆ ಊಹೆಯೇ ಮುಂದೆ ಇತಿಹಾಸವಾಗುವುದು. ಆದುದರಿಂದ ಈ ಚಿತ್ರಗಳಲ್ಲಿ ಅಲ್ಲಲ್ಲಿ ಕಾಣಸಿಗುವ ಕಾರು ಬಸ್ಸುಗಳ ಕುರಿತು ಮಾತ್ರ ಇಂದು ಮಾತನಾಡಬಯಸುತ್ತೇನೆ.

ವಾಹನಗಳನ್ನೇ ಏಕೆ ಆರಿಸಿದೆನೆಂದು ಕೆಲವರು ಕೇಳಬಹುದು. ನಮ್ಮ ಕಡೆಯ ಚಿತ್ರಗಳಲ್ಲಿ ಕಾಲವನ್ನು ಸೂಚಿಸುವ ಬೇರೆ ಗುರುತುಗಳು ಬಹಳ ಕಡಿಮೆ. ಸೀರೆ, ಮುಂಡು, ಮುಟ್ಟಾಳೆಗಳು ಐವತ್ತು ವರ್ಷಕ್ಕೂ ಬದಲಾಗಲಿಲ್ಲ. ಮುರಕಲ್ಲಿನ ಗೋಡೆ ಎಲ್ಲ ಕಾಲಕ್ಕೂ ಒಂದೇ. ಹಂಚಿನ ಮಾಡನ್ನು ನೋಡಿ ಹೇಳಬಹುದಾದುದಿಷ್ಟೇ: ಬಾಸೆಲ್ ಮಿಷನಿನವರು 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆಯನ್ನು ತೆರೆದ ಬಳಿಕದ ಮನೆ ಅದು. ಮೋಟಾರಿನ ಮೋರೆಯಾದರೋ ಕೆಲವೇ ವರ್ಷಗಳಿಗೊಮ್ಮೆ ಬದಲಾಗುತ್ತಿತ್ತು. ಯಾವ ಮಾದರಿ ಯಾವ ವರ್ಷ ಹೊರಬಂದಿತೆಂಬುದಕ್ಕೆ ಕಾರ್ಖಾನೆಗಳ ದಾಖಲೆಗಳೂ ಇವೆ.

ಜೆಪ್ಪುವಿನ ಸೆಮಿನರಿಯಲ್ಲಿ ನಾವು ವ್ಯಾಸಂಗ ಮಾಡುತ್ತಿದ್ದಾಗ ಪ್ರಾಚೀನ ಪತ್ರಗಳ ಕಾಲವನ್ನು ನಿರ್ಣಯಿಸುವ ಒಂದು ಸರಳ ನಿಯಮವನ್ನು ಗುರುಗಳು ಕಲಿಸಿದ್ದರು. ಪತ್ರವೊಂದರಲ್ಲಿ ಒಂದು ಘಟನೆಯ ಉಲ್ಲೇಖವಿದ್ದರೆ ಆ ಪತ್ರವು ಆ ಘಟನೆಗಿಂತ ಹಿಂದಿನದಾಗಿರಲಾರದು. ಎಷ್ಟು ಕಾಲ ಬಳಿಕದ್ದು ಎಂಬುದನ್ನು ಮಾತ್ರ ಆ ಉಲ್ಲೇಖ ಹೇಳದು. ಛಾಯಾಚಿತ್ರದಲ್ಲಿರುವ ವಾಹನವೂ ಹಾಗೆಯೇ. ‘ಈ ವರ್ಷಕ್ಕಿಂತ ಹಿಂದಿನ ಚಿತ್ರವಲ್ಲ’ ಎಂದು ಅದು ಖಚಿತವಾಗಿ ಸಾಕ್ಷಿ ನುಡಿಯುತ್ತದೆ, ಅದರಾಚೆಗೆ ಮೌನವಾಗುತ್ತದೆ. ಪಟ್ಟಣದಲ್ಲಿ ಹತ್ತು ವರ್ಷ ಓಡಿ ಹಳತಾದ ಬಸ್ಸು ನಮ್ಮಂತಹ ಒಳನಾಡಿನ ಮಾರ್ಗಕ್ಕೆ ಬಂದು ಮತ್ತೆ ಹತ್ತು ವರ್ಷ ಓಡುತ್ತಿದ್ದುದುಂಟು. ಹಳೆಯ ಚಾಸಿಗೆ ಹೊಸ ಮರದ ಬಾಡಿ ಕಟ್ಟಿಸುವುದೂ ಸಾಮಾನ್ಯವಾಗಿತ್ತು. ಬೊಂಬಾಯಿಯ ಬೀದಿಯ ಚಿತ್ರಕ್ಕೆ ಹೊಂದುವ ಲೆಕ್ಕ ರಾಮಕುಂಜದ ಚಿತ್ರಕ್ಕೆ ಹೊಂದುವುದಿಲ್ಲವೆಂಬುದನ್ನು ಮೊದಲೇ ಮನಸ್ಸಿನಲ್ಲಿಟ್ಟುಕೊಳ್ಳಬೇಕು.

ನಮ್ಮ ಜಿಲ್ಲೆಗೆ ಮೋಟಾರು ಬಂದುದು ಬೇಗನೆ. ಮಂಗಳೂರಿನ ಪಿ. ಎಫ್. ಎಕ್ಸ್. ಸಲ್ದಾನ್ಹಾ ಅವರು 20ನೆಯ ಶತಮಾನದ ಮೊದಲ ದಶಕದಲ್ಲೇ ಫ್ರಾನ್ಸಿನ ‘ಡಿ ಡಿಯೋನ್ ಬೂತೋನ್’ ಕಾರೊಂದನ್ನು ತರಿಸಿದ್ದರು. ಅದರ ಬಣ್ಣ ಹಸಿರು. 1914ರಲ್ಲಿ ಸಿ.ಪಿ.ಸಿ. ಎಂದು ಜನಜನಿತವಾದ ಕೆನರಾ ಪಬ್ಲಿಕ್ ಕನ್ವೇಯನ್ಸ್ ಕಂಪನಿಯು ಬಸ್ಸಿನ ಸೇವೆಯನ್ನು ಪ್ರಾರಂಭಿಸಿತು. ಮುಂದೆ ಹನುಮಾನ್, ಶಂಕರ್ ವಿಠಲ್ ಮೊದಲಾದ ಹೆಸರುಗಳು ಜಿಲ್ಲೆಯ ಮನೆಮಾತಾದವು. ಮೈಸೂರು ಕಡೆಯಲ್ಲಿ 1948ರಿಂದ ಸರಕಾರಿ ಬಸ್ಸುಗಳು ಓಡತೊಡಗಿದರೂ ನಮ್ಮಲ್ಲಿ ಖಾಸಗಿ ಬಸ್ಸುಗಳೇ ಉಳಿದು ಬಂದವು. ಬಸ್ಸಿನ ನೆತ್ತಿಯ ಮೇಲೆ ಕಂಪನಿಯ ಹೆಸರನ್ನು ದೊಡ್ಡದಾಗಿ ಬರೆಸುವ ಪದ್ಧತಿ ಇದ್ದುದರಿಂದ ಚಿತ್ರ ಮಸುಕಾಗಿದ್ದರೂ ಭೂತಗನ್ನಡಿಯಿಂದ ಎರಡು ಮೂರು ಅಕ್ಷರಗಳನ್ನಾದರೂ ಓದಬಹುದು.

ಕಾರುಗಳಲ್ಲಿ ಮೊದಲು ನೋಡಬೇಕಾದುದು ಚಕ್ರ, ದೀಪ ಮತ್ತು ರೇಡಿಯೇಟರು. ಬಂಡಿಯ ಚಕ್ರದಂತಹ ಮರದ ಕಡ್ಡಿಗಳು, ಮಡಚಬಹುದಾದ ಕ್ಯಾನ್ವಾಸಿನ ಮೇಲ್ಮುಚ್ಚಿಗೆ, ನೇರವಾಗಿ ನಿಂತ ಗಾಜು, ಇವುಗಳಿದ್ದರೆ 1920ರ ದಶಕ ಅಥವಾ ಅದಕ್ಕೂ ಹಿಂದಿನ ಕಾರು. 1908ರಿಂದ 1927ರ ವರೆಗೆ ತಯಾರಾದ ಫೋರ್ಡ್ ‘ಟಿ’ ಮಾದರಿಯಲ್ಲಿ ಇನ್ನೂ ಸೂಕ್ಷ್ಮವಾದ ಗುರುತೊಂದಿದೆ: 1916ರ ವರೆಗೆ ಅದರ ರೇಡಿಯೇಟರು ಹಿತ್ತಾಳೆಯದು, ಕಪ್ಪುಬಿಳುಪು ಚಿತ್ರದಲ್ಲಿಯೂ ಹೊಳೆಯುತ್ತದೆ, ಅನಂತರ ಅದಕ್ಕೆ ಕಪ್ಪು ಬಣ್ಣ ಬಂತು. ದೀಪಗಳು ಬೇರೆಯಾಗಿ ನಿಂತಿದ್ದು, ಬಾಗಿಲ ಕೆಳಗೆ ಉದ್ದನೆಯ ಮೆಟ್ಟುಹಲಗೆಯಿದ್ದರೆ ಕಾರು ಸಾಮಾನ್ಯವಾಗಿ ಎರಡನೆಯ ಮಹಾಯುದ್ಧಕ್ಕೆ ಮುಂಚಿನದು. ಯುದ್ಧಾನಂತರದ ಹೊಸ ಮಾದರಿಗಳಲ್ಲಿ ಮಡ್‌ಗಾರ್ಡುಗಳು ಕ್ರಮೇಣ ಕಾರಿನ ಮೈಯಲ್ಲಿಯೇ ಲೀನವಾದವು.

ಸ್ವಾತಂತ್ರ್ಯಾನಂತರದ ಕಾರುಗಳು ನಮಗೆ ಹೆಚ್ಚು ಪರಿಚಿತ. ಹಿಂದುಸ್ತಾನ್ ಮೋಟಾರ್ಸಿನವರ ಲ್ಯಾಂಡ್‌ಮಾಸ್ಟರ್ 1954ರದು; ಅದರ ಹಿಂಭಾಗ ಗುಂಡಗೆ ಇಳಿದಿದೆ. 1950ರ ದಶಕದ ಕೊನೆಗೆ ಬಂದ ಅಂಬಾಸಡರಿನ ಹಿಂಬದಿಯ ಮೂಲೆಗಳು ಸ್ವಲ್ಪ ಎದ್ದು ನಿಂತಿವೆ. ಬಾನೆಟ್ಟಿನ ಮೇಲೆ ಉದ್ದನೆಯ ಮಡಿಕೆಗಳಿವೆ. ಮುಂಭಾಗದ ಜಾಲರಿ ಒತ್ತಾದ ಸಣ್ಣ ಚೌಕಗಳಾಗಿದ್ದರೆ ಅದು 1960ರ ದಶಕದ ಆರಂಭದಲ್ಲಿ ಬಂದ ‘ಮಾರ್ಕ್ 2’. ಬೊಂಬಾಯಿಯವರು ‘ಡುಕ್ಕರ್’ ಎಂದು ಕರೆಯುತ್ತಿದ್ದ ಹಳೆಯ ಫಿಯೆಟ್ 1100ರ ಮುಂದಿನ ಬಾಗಿಲು ಹಿಮ್ಮುಖವಾಗಿ ತೆರೆಯುತ್ತಿತ್ತು. 1964ರ ‘ಡಿಲೈಟ್’ನಿಂದ ಅದು ಇತರ ಕಾರುಗಳಂತಾಯಿತು. ಬಾಗಿಲು ತೆರೆದಿರುವ ಚಿತ್ರವೊಂದು ದೊರೆತರೆ ಇದಕ್ಕಿಂತ ಸುಲಭವಾದ ಗುರುತು ಮತ್ತೊಂದಿಲ್ಲ.

ಇಲ್ಲಿ ಒಂದು ಮದುವೆಯ ಚಿತ್ರದ ವಿಷಯವನ್ನು ಹೇಳಬೇಕು. ನಮ್ಮ ವಿಚಾರಣೆಯ ಒಂದು ಕುಟುಂಬದವರು ಅದನ್ನು ತಮ್ಮ ಅಜ್ಜಿಯ ಮದುವೆಯ ಚಿತ್ರವೆಂದು ಬಹುಕಾಲದಿಂದ ಗೋಡೆಯಲ್ಲಿ ತೂಗುಹಾಕಿದ್ದರು. ವಿವಾಹದ ರಿಜಿಸ್ಟರಿನಲ್ಲಿ ಅಜ್ಜಿಯ ಮದುವೆ 1953ರಲ್ಲಿ ನಡೆದುದಾಗಿ ದಾಖಲೆಯಿದೆ. ಆದರೆ ವಧೂವರರ ಹಿಂದೆ ನಿಂತಿರುವುದು ಚೌಕ ಜಾಲರಿಯ ಅಂಬಾಸಡರು. 1953ರಲ್ಲಿ ಅಂತಹ ಕಾರು ಭೂಮಿಯ ಮೇಲೆಯೇ ಇರಲಿಲ್ಲ. ಇದನ್ನು ತಿಳಿಸಿದಾಗ ಮನೆಯವರಿಗೆ ಬೇಸರವಾಯಿತು, ಸಹಜವೇ. ಅಜ್ಜಿಯ ಬೇರೆ ಚಿತ್ರವೇ ಅವರಲ್ಲಿ ಇರಲಿಲ್ಲ. ರಿಜಿಸ್ಟರನ್ನು ಮುಂದಕ್ಕೆ ತಿರುವಿದಾಗ ಅಜ್ಜಿಯ ಕಿರಿಯ ತಂಗಿಯ ಮದುವೆ 1964ರಲ್ಲಿ ನಡೆದುದು ಕಂಡಿತು. ಆ ತಾಯಿ ಇಂದಿಗೂ ನಮ್ಮೊಡನಿದ್ದಾರೆ. ಚಿತ್ರವನ್ನು ಕೈಗೆ ಕೊಟ್ಟೊಡನೆ ತಮ್ಮ ಮದುವೆಯದೆಂದು ಗುರುತಿಸಿ, ಎಡಭಾಗದ ಅಂಚಿನಲ್ಲಿ ತಲೆಗೆ ಸೆರಗು ಹೊದ್ದು ಅರ್ಧ ಮರೆಯಾಗಿ ನಿಂತಿರುವವರೇ ತಮ್ಮ ಅಕ್ಕ ಎಂದು ಬೆರಳಿಟ್ಟು ತೋರಿಸಿದರು. ಅಷ್ಟು ವರ್ಷ ಗೋಡೆಯಲ್ಲಿದ್ದ ಚಿತ್ರದಲ್ಲಿ ಅಜ್ಜಿ ಇದ್ದುದು ನಿಜ. ನೋಡುತ್ತಿದ್ದುದು ಮಾತ್ರ ಬೇರೊಬ್ಬರನ್ನು.

ಮದುವೆಯ ಕಾರಿನ ಬಗ್ಗೆ ಇನ್ನೊಂದು ಮಾತು. ಅದು ಬಹುಮಟ್ಟಿಗೆ ಬಾಡಿಗೆಯದು. ಬಾನೆಟ್ಟಿನ ಮೇಲೆ ಕೈಯಿಟ್ಟು ಗಂಭೀರವಾಗಿ ನಿಂತವರೆಲ್ಲ ಕಾರಿನ ಒಡೆಯರಲ್ಲ! ಜಾತ್ರೆಯ ಸ್ಟುಡಿಯೋಗಳಲ್ಲಿ ರಟ್ಟಿನ ಮೇಲೆ ಬಣ್ಣದಲ್ಲಿ ಬರೆದ ಕಾರಿನ ಹಿಂದೆ ಕುಳಿತು ಚಿತ್ರ ತೆಗೆಸಿಕೊಂಡವರೂ ಇದ್ದಾರೆ; ಅಂತಹ ಕಾರಿನಿಂದ ಕಾಲವನ್ನು ನಿರ್ಣಯಿಸುವಂತಿಲ್ಲ.

ಇನ್ನು ಬಸ್ಸುಗಳು. ಯುದ್ಧಕ್ಕೆ ಮುಂಚೆ ಈ ದೇಶದ ರಸ್ತೆಗಳಲ್ಲಿ ಓಡುತ್ತಿದ್ದವುಗಳಲ್ಲಿ ಫೋರ್ಡ್ ಮತ್ತು ಷೆವ್ರೊಲೆಗಳು ಬಹಳ. ಫೋರ್ಡಿನವರು 1926ರಲ್ಲಿ, ಜನರಲ್ ಮೋಟಾರ್ಸಿನವರು 1928ರಲ್ಲಿ ಭಾರತದಲ್ಲಿ ನೆಲೆಯೂರಿದರು. ಚಾಸಿ ಕಾರ್ಖಾನೆಯದು, ಮರದ ಬಾಡಿ ಊರಿನ ಬಡಗಿಗಳದು. ಕಿಟಕಿಗೆ ಗಾಜಿನ ಬದಲು ಸುರುಳಿ ಸುತ್ತುವ ಟರ್ಪಾಲು. ಹೊಳೆಗೆ ಸೇತುವೆಯಿಲ್ಲದ ಕಡೆಗಳಲ್ಲಿ ಪ್ರಯಾಣಿಕರು ದೋಣಿಯಲ್ಲಿ ದಾಟಿ ಆಚೆ ದಡದಲ್ಲಿ ಇನ್ನೊಂದು ಬಸ್ಸನ್ನು ಹಿಡಿಯುತ್ತಿದ್ದರು. ಆದಕಾರಣ ನಮ್ಮ ಹಳೆಯ ಬಸ್ಸಿನ ಚಿತ್ರಗಳಲ್ಲಿ ಕೆಲವು ಹೊಳೆಯ ಬದಿಯಲ್ಲಿ ತೆಗೆದವು.

ಮೂರನೆಯ ಮೇಜಿನ ಮೇಲಿರುವ ದೊಡ್ಡ ಚಿತ್ರವನ್ನು ದಯವಿಟ್ಟು ಗಮನಿಸಿ ನೋಡಿ. ಬಸ್ಸಿನ ಹಿಂಬದಿಯ ಮೂಲೆಯಲ್ಲಿ ಆಳೆತ್ತರದ ಒಂದು ಕಬ್ಬಿಣದ ಉರುಳೆ ಇದೆ. ನೀರಿನ ಹಂಡೆಯೆಂದು ಯುವಕರೊಬ್ಬರು ಭಾವಿಸಿದ್ದರು. ಅದು ಇದ್ದಿಲಿನ ಒಲೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಪೆಟ್ರೋಲಿಗೆ ಪಡಿತರ ಬಂದಾಗ ಬಸ್ಸುಗಳನ್ನು ಇದ್ದಿಲ ಅನಿಲದಿಂದ ಓಡಿಸಬೇಕಾಯಿತು. ಉರುಳೆಯೊಳಗೆ ಇದ್ದಿಲನ್ನು ಸಾಕಷ್ಟು ಗಾಳಿಯಿಲ್ಲದೆ ಉರಿಸಿದರೆ ಇಂಗಾಲದ ಮೋನಾಕ್ಸೈಡ್ ಸೇರಿದ ಅನಿಲ ಹುಟ್ಟುತ್ತದೆ. ಅದನ್ನು ಸೋಸಿ, ತಣಿಸಿ, ಕೊಳವೆಯ ಮೂಲಕ ಇಂಜಿನಿಗೆ ಹಾಯಿಸುತ್ತಿದ್ದರು. ಬೆಳಗ್ಗೆ ಹೊರಡುವ ಮೊದಲು ಬಹು ಹೊತ್ತು ಕೈಯಿಂದ ತಿದಿ ತಿರುಗಿಸಿ ಕೆಂಡ ಎಬ್ಬಿಸಬೇಕು. ಪೆಟ್ರೋಲಿನಷ್ಟು ಶಕ್ತಿ ಇದಕ್ಕಿರಲಿಲ್ಲ. ಏರು ಬಂದಾಗ ಗಂಡಸರೆಲ್ಲ ಇಳಿದು ನೂಕುತ್ತಿದ್ದರೆಂದು ನಮ್ಮ ಹಿರಿಯರು ಹೇಳುವುದನ್ನು ಕೇಳಿದ್ದೇನೆ. ಈ ಉರುಳೆ ಕಂಡರೆ ಚಿತ್ರವು ಯುದ್ಧದ ವರ್ಷಗಳದ್ದು ಅಥವಾ ಅದರ ಬೆನ್ನಿಗೇ ಬಂದ ಕೆಲವು ವರ್ಷಗಳದ್ದು. ವಾಹನವೊಂದು ಕಾಲದ ಎರಡೂ ಎಲ್ಲೆಗಳನ್ನು ತೋರಿಸಿಕೊಡುವ ಅಪರೂಪದ ಸಂದರ್ಭವಿದು, ಏಕೆಂದರೆ ಪೆಟ್ರೋಲು ದೊರೆತ ಬಳಿಕ ಆ ಒಲೆಯನ್ನು ಯಾರೂ ಇಟ್ಟುಕೊಳ್ಳಲಿಲ್ಲ.

1954ರಿಂದ ಟಾಟಾದವರು ಜರ್ಮನಿಯ ಕಂಪನಿಯೊಂದಿಗೆ ಕೂಡಿ ‘ಟಾಟಾ ಮರ್ಸಿಡಿಸ್ ಬೆಂಜ್’ ವಾಹನಗಳನ್ನು ತಯಾರಿಸಿದರು. ಮೂಗು ಮುಂದಕ್ಕೆ ಚಾಚಿದ ಆ ಬಸ್ಸಿನ ಎದುರು ವೃತ್ತದೊಳಗೆ ಮೂರು ಮೊನೆಯ ನಕ್ಷತ್ರ. 1969ರಲ್ಲಿ ಒಪ್ಪಂದ ಮುಗಿದು ನಕ್ಷತ್ರದ ಸ್ಥಾನದಲ್ಲಿ ‘ಟಿ’ ಅಕ್ಷರ ಬಂತು. ಮದರಾಸಿನಲ್ಲಿ 1948ರಲ್ಲಿ ಹುಟ್ಟಿದ ಅಶೋಕ್ ಮೋಟಾರ್ಸ್ 1955ರಲ್ಲಿ ಅಶೋಕ್ ಲೇಲ್ಯಾಂಡ್ ಆಯಿತು. ಎದುರಿನ ಹೆಸರನ್ನು ಓದಲಾದರೆ ಇಷ್ಟೇ ಸಾಕು.

ನೋಂದಣಿ ಸಂಖ್ಯೆಯನ್ನು ಮರೆಯಬಾರದು. ಈಗ ನಾವು ಕಡಬ ತಾಲೂಕಿನವರು. ಮೊದಲು ಪುತ್ತೂರು ತಾಲೂಕಿನವರಾಗಿದ್ದೆವು. 1956ರ ನವೆಂಬರ್ 1ರ ವರೆಗೆ ದಕ್ಷಿಣ ಕನ್ನಡವು ಮದರಾಸಿಗೆ ಸೇರಿತ್ತು. ಹೀಗಾಗಿ ‘ಎಂ.ಡಿ.’, ‘ಎಂ.ಎಸ್.’ ಎಂದು ತೊಡಗುವ ಸಂಖ್ಯೆಗಳು ಮದರಾಸಿನವು, ‘ಎಂ.ವೈ.’ ಎಂಬುದು ಮೈಸೂರಿನದು. ಊರಿನ ಬಸ್ಸಿಗೆ ‘ಎಂ.ವೈ.’ ಇದ್ದರೆ ಚಿತ್ರ ಏಕೀಕರಣದ ಬಳಿಕದ್ದು. ಮದರಾಸಿನ ಸಂಖ್ಯೆಯಿದ್ದ ಮಾತ್ರಕ್ಕೆ ಚಿತ್ರ 1956ಕ್ಕಿಂತ ಹಿಂದಿನದೆಂದು ಹೇಳಲಾಗದು. ಹಳೆಯ ಬಸ್ಸು ಹಳೆಯ ಸಂಖ್ಯೆಯನ್ನೇ ಹೊತ್ತು ಓಡುತ್ತಿತ್ತು. ‘ಕೆ.ಎ.’ ಅಕ್ಷರಗಳು 1989ರಿಂದ ಈಚೆಗಿನವು. ಪುತ್ತೂರಿನ 21 ಎಂಬ ಅಂಕಿ ಎಲ್ಲರಿಗೂ ಗೊತ್ತು.

ಚಾಲಕನು ಎಡಗಡೆ ಕುಳಿತಂತೆ ಕಂಡರೆ ಗಾಬರಿಪಡಬೇಡಿ. ಅಕ್ಷರಗಳೂ ತಿರುಗುಮುರುಗಾಗಿದ್ದರೆ ನೆಗೆಟಿವನ್ನು ಹಿಂದುಮುಂದಾಗಿ ಇಟ್ಟು ಪ್ರತಿ ತೆಗೆದಿದ್ದಾರೆ. ಅಕ್ಷರಗಳು ಸರಿಯಿದ್ದು ವಾಹನವು ಜೀಪಾಗಿದ್ದರೆ, ಯುದ್ಧ ಮುಗಿದ ಮೇಲೆ ಮಾರಾಟವಾದ ಅಮೆರಿಕನ್ ಸೈನ್ಯದ ಜೀಪುಗಳಲ್ಲಿ ಅದೂ ಒಂದಾಗಿರಬಹುದು.

ಬರೆಯುವ ಕ್ರಮವೂ ಮುಖ್ಯ. ಚಿತ್ರದ ಮುಖದ ಮೇಲೆ ಏನನ್ನೂ ಬರೆಯಬಾರದು. ಹಿಂಬದಿಯಲ್ಲಿ ಮೆದು ಪೆನ್ಸಿಲಿನಿಂದ, ಒತ್ತದೆ ಬರೆಯಬೇಕು. ‘1942’ ಎಂದು ಬರೆಯುವುದಕ್ಕಿಂತ ‘ಇದ್ದಿಲ ಬಸ್ಸಿನ ಕಾರಣ ಸುಮಾರು 1940ರಿಂದ 1948’ ಎಂದು ಬರೆಯುವುದು ಮೇಲು. ಕಾರಣವನ್ನು ಬರೆದಿಟ್ಟರೆ ನಮಗಿಂತ ಹೆಚ್ಚು ಬಲ್ಲವರು ಮುಂದೆ ತಿದ್ದಬಹುದು. ಯಾರು ಹೇಳಿದರು, ಯಾವ ದಿನ ಹೇಳಿದರು ಎಂಬುದನ್ನೂ ಸೇರಿಸಬೇಕು.

ಆ ಇದ್ದಿಲ ಬಸ್ಸಿನ ಎದುರು ಹತ್ತೊಂಬತ್ತು ಮಂದಿ ನಿಂತಿದ್ದಾರೆ. ಐವರ ಹೆಸರು ಮಾತ್ರ ಈ ವರೆಗೆ ದೊರೆತಿದೆ. ಬಸ್ಸು ಕಾಲವನ್ನು ಹೇಳಿತು; ಹೆಸರುಗಳನ್ನು ಅದು ಹೇಳಲಾರದು. ಎಂಬತ್ತು ದಾಟಿದ ಹಿರಿಯರು ನಮ್ಮ ವಾಳೆಗಳಲ್ಲಿ ಬೆರಳೆಣಿಕೆಯಷ್ಟೇ ಇದ್ದಾರೆ. ನಡೆಯಲಾಗದವರ ಮನೆಗೆ ಚಿತ್ರವನ್ನು ನಾನೇ ತರುವೆನು. ನಡೆಯಬಲ್ಲವರನ್ನು ಬರುವ ಭಾನುವಾರ ಪೂಜೆಯಾದ ಮೇಲೆ ಮನೆಯವರು ಇಲ್ಲಿಗೆ ಕರೆದುಕೊಂಡು ಬರಬೇಕು. ಸಂಚಿಕೆ ಅಚ್ಚಿಗೆ ಹೋಗಲು ಇನ್ನು ಮೂರು ವಾರಗಳಿವೆ.