ನಮ್ಮ ಬೆಟ್ಟದ ಕಲ್ಲು
(ರಾಯದುರ್ಗದಲ್ಲಿ ಸಂಘದ ವಾರ್ಷಿಕೋತ್ಸವದಂದು ಮಾಡಿದ ಭಾಷಣ)



ಸಾಹಿತ್ಯ ಸಂಗೀತಗಳ ನಡುವೆ ಕಲ್ಲಿನ ಮಾತೇಕೆಂದು ತಾವು ಕೇಳಬಹುದು. ರಾಯದುರ್ಗದಲ್ಲಿ ನಿಂತವನು ಕಲ್ಲನ್ನು ಬಿಟ್ಟು ಮತ್ತಾವುದನ್ನು ಕುರಿತು ಮಾತನಾಡಿಯಾನು? ಬೆಟ್ಟ ಕಲ್ಲು, ಅದರ ಮೇಲಣ ಕೋಟೆ ಕಲ್ಲು, ನಮ್ಮ ಹೊಸ್ತಿಲೂ ಒರಳೂ ಕಲ್ಲು.

ಹೊಸದಾಗಿ ಒಡೆದ ತುಂಡೊಂದನ್ನು ಬಿಸಿಲಿಗೆ ಹಿಡಿದು ನೋಡಿರಿ. ಗಾಜಿನಂತೆ ಹೊಳೆಯುವುದು ಬೆಣಚು. ನಸುಗೆಂಪು ಹರಳು ಪೊಟ್ಯಾಶ್ ಫೆಲ್ಡ್‌ಸ್ಪಾರ್. ಬೆಳ್ಳಗಿರುವುದು ಪ್ಲೇಜಿಯೋಕ್ಲೇಸ್; ಅದರಲ್ಲಿ ಸೋಡಿಯಮ್ಮೂ ಕ್ಯಾಲ್ಸಿಯಮ್ಮೂ ಇವೆ. ಕರಿಯ ಚುಕ್ಕೆಗಳು ಅಭ್ರಕ. ಈ ಎರಡು ಫೆಲ್ಡ್‌ಸ್ಪಾರುಗಳ ಪ್ರಮಾಣವೇ ವರ್ಗೀಕರಣದ ಕೀಲಿಕೈ. ಕೆಂಪಿನದು ಸಾಕಷ್ಟಿದ್ದರೆ ಅದು ನಿಜವಾದ ಗ್ರಾನೈಟ್; ಬಿಳಿಯದು ಮೇಲುಗೈಯಾದರೆ ಗ್ರಾನೋಡಯೊರೈಟ್; ಬಹುತೇಕ ಬಿಳಿಯದೇ ಆದರೆ ಟೋನಲೈಟ್. ವ್ಯಾಪಾರಿಗಳಿಗೆ ಈ ಭೇದವಿಲ್ಲ. ಅವರು ‘ಕಪ್ಪು ಗ್ರಾನೈಟ್’ ಎಂದು ಮಾರುವ ಕಲ್ಲು ಬಹುಮಟ್ಟಿಗೆ ಡಾಲರೈಟ್. ಅದು ಗ್ರಾನೈಟಿನ ಕುಲದ್ದೇ ಅಲ್ಲ.

ಇದು ಹುಟ್ಟಿದ್ದು ಹೇಗೆ? ಆದಿಸಮುದ್ರದ ನೀರಿನಿಂದ ಗರಣೆಗಟ್ಟಿದುದೆಂದು ಜರ್ಮನಿಯ ವೆರ್ನರ್ ಪಂಡಿತನ ಶಿಷ್ಯರು ನಂಬಿದ್ದರು. 1785ರಲ್ಲಿ ಸ್ಕಾಟ್ಲೆಂಡಿನ ಗ್ಲೆನ್ ಟಿಲ್ಟ್ ಕಣಿವೆಯಲ್ಲಿ ಜೇಮ್ಸ್ ಹಟನ್, ಕೆಂಪು ಗ್ರಾನೈಟಿನ ಎಳೆಗಳು ಬೇರೆ ಕಲ್ಲನ್ನು ಸೀಳಿ ನುಗ್ಗಿರುವುದನ್ನು ಕಂಡನು. ನುಗ್ಗಬೇಕಾದರೆ ದ್ರವವಾಗಿರಬೇಕು, ಸೀಳಿಸಿಕೊಂಡ ಕಲ್ಲು ಅದಕ್ಕಿಂತ ಹಳೆಯದಾಗಿರಬೇಕು.

ನಮ್ಮ ಬೆಟ್ಟ ‘ಕ್ಲೋಸ್‌ಪೇಟೆ ಗ್ರಾನೈಟ್’ ಎಂಬ ಸಾಲಿಗೆ ಸೇರಿದ್ದು. ಕ್ಲೋಸ್‌ಪೇಟೆ ಎಂಬುದು ರಾಮನಗರದ ಹಿಂದಿನ ಹೆಸರು. ಸುಮಾರು 20 ಕಿಲೋಮೀಟರ್ ಅಗಲದ ಈ ಪಟ್ಟಿ ಕನಕಪುರ ತಾಲ್ಲೂಕಿನ ಕಬ್ಬಾಳದಿಂದ ಪಾವಗಡ, ರಾಯದುರ್ಗಗಳ ಮೇಲೆ ಹಾದು ಕಂಪ್ಲಿಯ ಕಡೆಗೆ ಸಾಗುತ್ತದೆ. 1953ರಲ್ಲಿ ನಮ್ಮ ತಾಲ್ಲೂಕು ಆಂಧ್ರಕ್ಕೆ ಸೇರಿತು. ಈ ಕಲ್ಲಿಗೆ ಆ ಸುದ್ದಿ ಇನ್ನೂ ಮುಟ್ಟಿದಂತಿಲ್ಲ! ಇದರ ವಯಸ್ಸು ಸುಮಾರು 250 ಕೋಟಿ ವರ್ಷ. ಅದಕ್ಕೂ ಮೊದಲು ಇಲ್ಲಿದ್ದುದು ಪಟ್ಟೆಪಟ್ಟೆಯಾದ ನೈಸ್ ಶಿಲೆ. ಅದರ ಹಳೆಯ ಭಾಗಗಳಿಗೆ 300 ಕೋಟಿ ವರ್ಷಗಳೂ ಮೀರಿವೆ. ಅದೂ ಮೂಲತಃ ಟೋನಲೈಟಿನಂಥ ಕಲ್ಲೇ. ಒತ್ತಡ ಕಾವುಗಳಿಂದ ಮಡಿಚಿ ಪಟ್ಟೆಗಟ್ಟಿತು. ಆಳದಿಂದ ಏರಿಬಂದ ಶಿಲಾಪಾಕವು ಈ ಮುದುಕನನ್ನು ಅಲ್ಲಲ್ಲಿ ಕರಗಿಸಿ, ತನ್ನೊಡನೆ ಬೆರೆಸಿಕೊಂಡು, ಹೆಪ್ಪುಗಟ್ಟಿ ನಮ್ಮ ಬೆಟ್ಟವಾಯಿತು.

ಇನ್ನು ನನ್ನ ಮುಖ್ಯ ವಿಷಯ. ನಮ್ಮ ನಾಡಿನ ನೆಲ ದಕ್ಷಿಣದ ಕಡೆ ಹೆಚ್ಚು ಮೇಲೆದ್ದು ಹೆಚ್ಚು ಸವೆದಿದೆ. ಆದಕಾರಣ ಇಲ್ಲಿಂದ ತೆಂಕಣಕ್ಕೆ ನಡೆದುಹೋಗುವವನು, ತಾನರಿಯದೆಯೇ, ಪ್ರಾಚೀನ ಭೂಮಿಯ ನೆಲಮಾಳಿಗೆಗೆ ಮೆಟ್ಟಿಲಿಳಿಯುತ್ತಿರುತ್ತಾನೆ. ಕಬ್ಬಾಳದಲ್ಲಿ ಇಂದು ಕಾಣುವ ಬಂಡೆ ಒಂದು ಕಾಲಕ್ಕೆ 15–20 ಕಿಲೋಮೀಟರ್ ಆಳದಲ್ಲಿ, ಸುಮಾರು 700 ಡಿಗ್ರಿ ಕಾವಿನಲ್ಲಿ ಬೆಂದದ್ದು. ಅಲ್ಲಿನ ಕಲ್ಲುಗಣಿಯಲ್ಲಿ ಬೂದುಬಣ್ಣದ ನೈಸಿನ ಮೇಲೆ, ಬಟ್ಟೆಯ ಮೇಲೆ ಎಣ್ಣೆ ಹರಡಿದಂತೆ, ಕಪ್ಪು ಹಸುರಿನ ಕಲೆಗಳಿವೆ. ಹಳೆಯ ಪಟ್ಟೆಗಳು ಕಲೆಯೊಳಗೆ ಹೊಕ್ಕು ಮಾಸಿಹೋಗುತ್ತವೆ. ಆ ಕಲೆಗಳೇ ಚಾರ್ನಕೈಟ್, ನೀಲಗಿರಿಯ ಕಲ್ಲು. ಕಲ್ಕತ್ತೆಯಲ್ಲಿರುವ ಜಾಬ್ ಚಾರ್ನಕನ ಗೋರಿಯ ಕಲ್ಲಿನಿಂದ ಹಾಲೆಂಡ್ ಎಂಬ ವಿಜ್ಞಾನಿ ಆ ಹೆಸರನ್ನಿಟ್ಟನು.

ನೈಸು ಚಾರ್ನಕೈಟಾಗಿ ಮಾರ್ಪಡುತ್ತಿರುವ ನಡುಗಾಲವೇ ಇಲ್ಲಿ ಕಲ್ಲಾಗಿ ನಿಂತಿದೆಯೆಂಬುದನ್ನು 1960ರಲ್ಲಿ ಜಗತ್ತಿಗೆ ತಿಳಿಸಿದವರು ನಮ್ಮವರೇ ಆದ ಸಿ. ಎಸ್. ಪಿಚ್ಚಮುತ್ತು ಅವರು. ಅಭ್ರಕದಲ್ಲಿ ನೀರಿನಂಶ ಅಡಗಿರುತ್ತದೆ. ಅದು ಹೊರಟುಹೋದಾಗ ನೀರಿಲ್ಲದ ಪೈರಾಕ್ಸೀನ್ ಖನಿಜ ಹುಟ್ಟುತ್ತದೆ. ನೀರನ್ನು ಅಟ್ಟಿದುದು ಆಳದಿಂದ ಬಂದ ಇಂಗಾಲದ ಡೈ ಆಕ್ಸೈಡೆಂದು ಕೆಲವರು. ಬಿರುಕುಗಳಲ್ಲಿ ಒತ್ತಡ ಕುಸಿದುದೇ ಕಾರಣವೆಂದು ಕೆಲವರು. ಕಲೆಗಳು ಬಿರುಕುಗಳ ಗುಂಟವೇ ಹಬ್ಬಿರುವುದನ್ನು ನೋಡಿದರೆ ಎರಡೂ ಕೂಡಿಯೇ ನಡೆದಿರಬೇಕೆಂದು ನನಗೆ ತೋರುತ್ತದೆ. ಗಣಿಯ ಸುತ್ತಿಗೆ ಬೀಳದಿದ್ದರೆ ಆ ದೃಶ್ಯ ಕಾಣುತ್ತಿರಲಿಲ್ಲ. ಅದೇ ಸುತ್ತಿಗೆ ಅದನ್ನು ಜಲ್ಲಿಯಾಗಿಸಲೂ ಬಲ್ಲದು.

ನಾಳೆ ಬೆಟ್ಟ ಹತ್ತುವ ಮಕ್ಕಳಿಗೆ ಒಂದು ಮಾತು. ನಸುಗೆಂಪು ಬಂಡೆಯ ನಡುವೆ ಕರಿಯ ಗಡ್ಡೆಯೊಂದು ಕಂಡರೆ ಒಡೆಯಬೇಡಿರಿ, ಅದರ ಅಂಚನ್ನು ನೋಡಿರಿ. ಅಂಚು ಮುರಿದಂತೆ ಚೂಪಾಗಿದ್ದರೆ ಅದು ಕರಗದೆ ಉಳಿದ ಹಳೆಯ ಕಲ್ಲಿನ ತುಣುಕಾಗಿರಬಹುದು. ದುಂಡಗೆ ಬೆರೆತಂತಿದ್ದರೆ ಬೇರೊಂದು ಶಿಲಾಪಾಕದ ಹನಿಯಾಗಿರಬಹುದು. ಯಾವುದೆಂದು ಸಂಜೆ ಬಂದು ನನಗೆ ಹೇಳಿರಿ.